ಗಾಡಿ ಖೋಲಿ ಅವ್ವನ ಖೋಲಿ ಆಯಿತು

ನಮ್ಮ ಮನೆ ಕಲಬುರಗಿಯಲ್ಲಿ, ಸೇಡಂ ರಸ್ತೆಯ ಕಡೆ. ಮನೆಗೆ ಅಂಟಿಕೊಂಡೇ ಒಂದು ಕಾರ್ ಶೆಡ್ ಇತ್ತು. ಒಳಗೆ 10 ಅಡಿ ಅಗಲ, 18 ಅಡಿ ಉದ್ದ. ಪಶ್ಚಿಮಕ್ಕೆ ಶಟರ್, ಪಕ್ಕದ ಗೋಡೆಯಲ್ಲಿ ಅಡುಗೆಮನೆಗೆ ಒಂದು ಬಾಗಿಲು. ಅವ್ವನ ಮೊಣಕಾಲು ಸವೆದು ಮೆಟ್ಟಿಲು ಹತ್ತುವುದು ಆಗದೇ ಹೋದಾಗ, ಈ ಶೆಡ್ಡನ್ನೇ ಆಕೆಗೆ ಕೋಣೆ ಮಾಡಿಕೊಡಬೇಕು ಅಂತ ನಿರ್ಧಾರ ಮಾಡಿದೆ.

ಮಾಡುವವರು ಮೊದಲು ಒಂದು ವಿಷಯ ನೋಡಿಕೊಳ್ಳಿ. ಮನೆಯ ಪ್ಲಾನ್‌ನಲ್ಲಿ ಪಾರ್ಕಿಂಗ್ ಅಂತ ತೋರಿಸಿದ ಜಾಗವನ್ನು ಸುಮ್ನೆ ಕೋಣೆ ಮಾಡಿಬಿಟ್ಟರೆ ಅದು ಪ್ಲಾನ್ ಮೀರಿದ ಹಾಗೆ. ಪಾಲಿಕೆಯಲ್ಲಿ ಕೇಳಿಕೊಂಡೇ ಕೆಲಸಕ್ಕೆ ಕೈ ಹಾಕಬೇಕು. ನಮಗೆ ಗೇಟಿನ ಒಳಗೇ ಕಾರು ನಿಲ್ಲುವಷ್ಟು ಬಯಲು ಜಾಗ ಇತ್ತು, ಹಾಗಾಗಿ ದಾರಿ ಆಯಿತು.

2022ರ ಮೇ ತಿಂಗಳಲ್ಲಿ ಕೆಲಸ ಶುರು ಮಾಡಿದೆವು. ಶಟರ್ ಬಿಚ್ಚಿ ಗುಜರಿಗೆ ಹಾಕಿದೆವು. 9 ಅಡಿ ಅಗಲದ ಆ ಬಾಯಿಗೆ ನಾಲ್ಕೂವರೆ ಇಂಚಿನ ಇಟ್ಟಂಗಿ ಗೋಡೆ, ನಡುವೆ 3 ಅಡಿಯ ಬಾಗಿಲು. ಗೋಡೆಗೆ ಪಾಯ ಬೇಡವೇ ಅಂತ ಕೇಳಿದೆ. "ಕಾರ್ ನಿಂತಿದ್ದ ನೆಲ ಅದ ರೀ, ಈ ಸಣ್ಣ ಗ್ವಾಡಿ ಏನ್ ಭಾರ? ಏನೂ ಆಗಂಗಿಲ್ಲ ಬಿಡ್ರಿ" ಅಂದ ಗೌಂಡಿ. ಮಾತು ಸರಿ ಅನಿಸಿತು. ಹಳೆಯ ಕಾಂಕ್ರೀಟಿನ ಮೇಲೇ ಗೋಡೆ ಎದ್ದಿತು. ಜುಲೈನಲ್ಲಿ ಅವ್ವ ಒಳಗೆ ಬಂದಳು.

ಆ ವರ್ಷ ಮಳೆ ಚೆನ್ನಾಗಿ ಆಯಿತು. ಆಗಸ್ಟ್‌ನಲ್ಲಿ ಒಂದು ದಿನ ಅವ್ವ, "ಯಪ್ಪಾ, ಬಾಗಲ ಹಾಕಕ್ಕ ಬರವಲ್ದು ನೋಡು" ಅಂದಳು. ಮಳೆಗೆ ಕಟ್ಟಿಗೆ ಉಬ್ಬಿರಬೇಕು ಅಂತ ಬಡಗಿಯನ್ನು ಕರೆಸಿ ಅಂಚು ಕೆತ್ತಿಸಿದೆ. ಎರಡು ವಾರಕ್ಕೆ ಮತ್ತೆ ಬಿಗಿ. ಆಮೇಲೆ ಬಾಗಿಲಿನ ಮೇಲಿನ ಮೂಲೆಯಿಂದ ಓರೆಯಾಗಿ ಬಿರುಕು ಹೊರಟಿತು. ಇಟ್ಟಂಗಿಯ ಸಂದು ಹಿಡಿದು, ಮೆಟ್ಟಿಲು ಹತ್ತಿದ ಹಾಗೆ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಅದರೊಳಗೆ ಒಂದು ರೂಪಾಯಿ ನಾಣ್ಯ ಹೋಗುತ್ತಿತ್ತು.

ಪರಿಚಯದ ಇಂಜಿನಿಯರ್ ಒಬ್ಬರು ಬಂದು ನೋಡಿದರು. ಗೋಡೆ ಕುಸಿದಿಲ್ಲ, ಎದ್ದಿದೆ ಅಂದರು. ನಮ್ಮದು ಎರಿ ಮಣ್ಣು, ಅಂದರೆ ಕಪ್ಪು ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಸೆಳೆದುಕೊಂಡು ಬಿರುಕು ಬಿಡುತ್ತದೆ. ತೊಗರಿ ಹೊಲದಲ್ಲಿ ಮೇ ತಿಂಗಳು ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ನೋಡಿರುತ್ತೀರಿ ಅಲ್ವಾ? ಅದೇ ಮಣ್ಣು ನಮ್ಮ ಮನೆಗಳ ಕೆಳಗೂ ಇದೆ. ನಾವು ಗೋಡೆ ಕಟ್ಟಿದ್ದು ಅದು ಪೂರ್ತಿ ಒಣಗಿದ್ದ ತಿಂಗಳಲ್ಲಿ. ಮಳೆ ಬಿದ್ದ ಮೇಲೆ ಅದು ಉಬ್ಬಿ ಗೋಡೆಯನ್ನು ಮೇಲಕ್ಕೆ ಒತ್ತಿತು. ಭಾರ ಕಡಿಮೆ ಇದ್ದಷ್ಟೂ ಮಣ್ಣಿಗೆ ಎತ್ತುವುದು ಸುಲಭ. ಗೌಂಡಿ ಯಾವುದನ್ನು ಧೈರ್ಯಕ್ಕೆ ಹೇಳಿದ್ದನೋ ಅದೇ ಕಾರಣವಾಗಿತ್ತು. ಅದು ಸಾಲದು ಅಂತ ಮಾಳಿಗೆಯ ನೀರು ಬೀಳುವ ಪೈಪೂ ಅಲ್ಲೇ, ಗೋಡೆಯ ಬುಡಕ್ಕೇ ಇತ್ತು.

2023ರ ಜನವರಿಯಲ್ಲಿ ಆ ಗೋಡೆ ಪೂರ್ತಿ ಕೆಡವಿದೆವು. 18 ಸಾವಿರ ಹೋಯಿತು. ಅದಕ್ಕಿಂತ, ಬೆಚ್ಚಗೆ ಕೂತಿದ್ದ ಅವ್ವನನ್ನು ಎಬ್ಬಿಸಿ ಹಾಲ್‌ನಲ್ಲಿ ಮಂಚ ಹಾಕಿ ಮಲಗಿಸಬೇಕಾಯಿತಲ್ಲ, ಆ ಸಂಕಟ ಜಾಸ್ತಿ.

ಈ ಸಲ ಗೋಡೆ ಮಣ್ಣಿನ ಮೇಲೆ ಕೂರಲಿಲ್ಲ. ಶಟರ್‌ನ ಎರಡೂ ಬದಿ ಕಾಂಕ್ರೀಟ್ ಕಾಲಂ ಇವೆ. ಮನೆ ಕಟ್ಟುವಾಗಲೇ ಅವುಗಳ ಪಾಯ ಐದೂವರೆ ಅಡಿ ಕೆಳಗೆ ಗಟ್ಟಿ ಮುರುಮಿನವರೆಗೆ, ಅಂದರೆ ಗರಸು ಮಣ್ಣಿನವರೆಗೆ, ಹೋಗಿದೆ. ಆ ಎರಡರ ನಡುವೆ 9 ಇಂಚು ಅಗಲ, 12 ಇಂಚು ಎತ್ತರದ ಒಂದು ಬೀಮ್ ಹಾಕಿದೆವು. ಕಾಲಂಗೆ ತೂತು ಕೊರೆದು, ಧೂಳು ಊದಿ ತೆಗೆದು, ಕೆಮಿಕಲ್ ತುಂಬಿ 12 ಎಂಎಂ ಸರಳು ಕೂರಿಸಿದರು. ಧೂಳು ಉಳಿದರೆ ಸರಳು ಹಿಡಿಯುವುದಿಲ್ಲ, ಅಲ್ಲಿ ನಿಂತು ನೋಡಬೇಕು. ಬೀಮಿನ ಕೆಳಗೆ 3 ಇಂಚು ಖಾಲಿ ಬಿಟ್ಟೆವು. ಮಣ್ಣು ಉಬ್ಬಿದರೆ ಆ ಖಾಲಿ ಜಾಗದಲ್ಲೇ ಉಬ್ಬಲಿ ಅಂತ. ಇಲಿ ಹೋಗದ ಹಾಗೆ ಹೊರಗಿನಿಂದ ಫರಸಿ (ಚಪ್ಪಡಿ ಕಲ್ಲು) ತುಂಡು ನಿಲ್ಲಿಸಿದೆವು. ಮಾಳಿಗೆಯ ಪೈಪನ್ನು ಗೇಟಿನ ಹೊರಗಿನ ಚರಂಡಿವರೆಗೆ ಎಳೆದೆವು. ಗೋಡೆಯ ಮುಂದೆ 3 ಅಡಿ ಅಗಲಕ್ಕೆ ಹೊರಕ್ಕೆ ಇಳಿಜಾರು ಕೊಟ್ಟು ಕಾಂಕ್ರೀಟ್ ಹಾಕಿದೆವು.

ನೆಲದ ವಿಷಯದಲ್ಲಿ ಮಾತ್ರ ಮೊದಲ ಸಲವೇ ಸರಿ ಮಾಡಿದ್ದೆವು. ಶೆಡ್ಡಿನ ನೆಲ ಮನೆಗಿಂತ 9 ಇಂಚು ಕೆಳಗಿತ್ತು. ಆ ಒಂದು ಮೆಟ್ಟಿಲೇ ಅವ್ವನಿಗೆ ದೊಡ್ಡ ತೊಂದರೆ. ಆಯಿಲ್ ಕುಡಿದಿದ್ದ ಹಳೆ ಕಾಂಕ್ರೀಟಿನ ಮೇಲ್ಪದರ ಕೆತ್ತಿ ಹಾಕಿಸಿದೆ, ಇಲ್ಲದಿದ್ದರೆ ಬೇಸಿಗೆಯಲ್ಲಿ ವಾಸನೆ ಬರುತ್ತದೆ. ಮೇಲೆ 4 ಇಂಚು ಮುರುಮ್ ನೀರು ಹಾಕಿ ಕುಟ್ಟಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, 3 ಇಂಚು ಕಾಂಕ್ರೀಟ್, ಇಂಚು ಸಿಮೆಂಟ್ ಮಾಲು, ಇಂಚು ಫರಸಿ. ಲೆಕ್ಕ ಸರಿಯಾಗಿ ಮನೆಯ ನೆಲಕ್ಕೆ ಕೂಡಿತು. ಮುರುಮ್ ಗೋಡೆಗೆ ತಾಗುವ ಕಡೆ ಒಂದು ಅಡಿ ಎತ್ತರಕ್ಕೆ ನೀರು ತಡೆಯುವ ಲೇಪ ಹಚ್ಚಿಸಿ. ಇದನ್ನು ಬಿಟ್ಟರೆ ತೇವ ಗೋಡೆ ಹತ್ತಿ ಬಣ್ಣ ಉದುರುತ್ತದೆ.

ಟೈಲ್ಸ್ ಹಾಕಿಸಿ ಅಂದವರು ಬಹಳ ಜನ. ಫರಸಿಗೆ ಹೆಸರಾದ ಶಹಾಬಾದ್ ಊರನ್ನು ಪಕ್ಕದಲ್ಲೇ ಇಟ್ಟುಕೊಂಡು ನಾವು ಫರಸಿ ಬಿಡುವುದು ನನಗೆ ಸರಿ ಕಾಣಲಿಲ್ಲ. ಬೇಸಿಗೆಯಲ್ಲಿ ಕಾಲಿಗೆ ತಣ್ಣಗೆ, ಪಾಲಿಶ್ ಜಾಸ್ತಿ ಮಾಡಿಸದಿದ್ದರೆ ಜಾರುವುದೂ ಇಲ್ಲ. ಒಂದೇ ಎಚ್ಚರ: ಅದು ಸುಣ್ಣದ ಕಲ್ಲು. ಆ್ಯಸಿಡ್ ಬಿದ್ದರೆ ನೊರೆ ಎದ್ದು ಕಲ್ಲು ತಿನ್ನುತ್ತದೆ. ಅದಕ್ಕೇ ಹಿಂದಿನ ಮೂಲೆಯ 4 ಅಡಿಗೆ 7 ಅಡಿಯ ಬಚ್ಚಲಿಗೆ ಮಾತ್ರ ಒರಟು ಟೈಲ್ಸ್ ಹಾಕಿಸಿದೆ. ಅಲ್ಲಿ ಹೊಸ್ತಿಲು ಇಟ್ಟಿಲ್ಲ, ಗೋಡೆಗೆ ಹಿಡಿಕೆ ಇದೆ.

ಇನ್ನು ಬಿಸಿಲು. ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುತ್ತದೆ. ಶೆಡ್ಡಿನ ಮೇಲೆ ಇನ್ನೊಂದು ಮಹಡಿ ಇಲ್ಲ, ಬರೀ ಸ್ಲ್ಯಾಬ್. ಹಗಲೆಲ್ಲ ಕಾದ ಕಾಂಕ್ರೀಟ್ ಆ ಶಾಖವನ್ನು ರಾತ್ರಿ ಕೆಳಗೆ ಬಿಡುತ್ತದೆ. ಹಳೆ ಮನೆಗಳಲ್ಲಿ ಮಾಳಿಗೆಗೆ ದಪ್ಪ ಮಣ್ಣು ಹಾಕುತ್ತಿದ್ದದ್ದು ಎಷ್ಟು ಒಳ್ಳೆಯ ಪದ್ಧತಿ ಅಂತ ಆ ಸ್ಲ್ಯಾಬಿನ ಕೆಳಗೆ ಒಂದು ರಾತ್ರಿ ಮಲಗಿದಾಗ ತಿಳಿಯಿತು. ನಾವು ಇಳಿಜಾರು ಕೊಟ್ಟು ಬಿಳಿ ಟೈಲ್ಸ್ ಚೂರು ಕೂರಿಸಿದೆವು. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಎಸೆಯುತ್ತದೆ. ರಾತ್ರಿ ಕೋಣೆಯಲ್ಲಿ ವ್ಯತ್ಯಾಸ ಮೈಗೇ ಗೊತ್ತಾಯಿತು.

ಪಶ್ಚಿಮಕ್ಕೆ ಕಿಟಕಿ ಇಡಲಿಲ್ಲ. ಸಂಜೆ ಬಿಸಿಲು ಅಡ್ಡಲಾಗಿ ಬರುತ್ತದೆ, ಎಷ್ಟು ಉದ್ದ ಸಜ್ಜಾ ಹಾಕಿದರೂ ತಡೆಯುವುದಿಲ್ಲ. ಬಾಗಿಲಿನ ಮೇಲೆ ವೆಂಟಿಲೇಟರ್ ಮಾತ್ರ. ಉತ್ತರದ ಗೋಡೆ ಒಡೆದು 4 ಅಡಿಯ ಕಿಟಕಿ ಮಾಡಿ, ಕೂಲರ್ ಅದರ ಹೊರಗೆ ಇಟ್ಟೆವು. ಒಣ ಬಿಸಿಲಿಗೆ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಒಳಗೆ ಬಂದ ಹಸಿ ಗಾಳಿಗೆ ಹೊರಹೋಗಲು ದಾರಿ ಬೇಕು. ವೆಂಟಿಲೇಟರ್ ಮುಚ್ಚಿ ಕೂಲರ್ ಹಚ್ಚಿದರೆ ಹಾಸಿಗೆ ಅಂಟಂಟಾಗುತ್ತದೆ. ವೈರಿಂಗ್‌ಗೆ ಮೀಟರಿನಿಂದ ಬೇರೆ ಲೈನ್ ಎಳೆದು, ಶಾಕ್ ಹೊಡೆದರೆ ತಾನೇ ಕಟ್ ಆಗುವ ಸ್ವಿಚ್ ಹಾಕಿಸಿದೆವು.

ಹೊಸ ಗೋಡೆ ಕಾಲಂಗೆ ಸೇರುವ ಕಡೆ ಸಿಮೆಂಟಿನ ತೆಳ್ಳನೆ ಪಟ್ಟಿ ಬಳಿದು ಅದರ ಮೇಲೆ ತಾರೀಕು ಬರೆದೆ. ಗೋಡೆ ಅಲುಗಿದರೆ ಮೊದಲು ಸೀಳುವುದು ಅದೇ. 2023ರಲ್ಲಿ ಬರ ಬಿತ್ತು, ಹಾಗಾಗಿ ಆ ವರ್ಷ ಪಟ್ಟಿ ಸೀಳಲಿಲ್ಲ ಅಂತ ನಂಬಿ ಕೂರಲಿಲ್ಲ. 2024ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಜೋರು ಮಳೆ ಹಿಡಿಯಿತು. ಮಳೆ ನಿಂತ ದಿನ ಬೆಳಗ್ಗೆ ಟಾರ್ಚ್ ಹಿಡಿದು ಪಟ್ಟಿಯನ್ನು ಬುಡದಿಂದ ತುದಿವರೆಗೆ ನೋಡಿದೆ. ಕೂದಲೆಳೆಯಷ್ಟೂ ಸೀಳಿರಲಿಲ್ಲ. ಅವ್ವ ಮಂಚದಿಂದ ಎದ್ದು ಬಂದು ಬಾಗಿಲನ್ನು ಒಂದೇ ಕೈಯಲ್ಲಿ ಮುಚ್ಚಿ, ತೆಗೆದು ತೋರಿಸಿದಳು.