ಮರದ ಸೋಫಾ ಕೊಳ್ಳುವ ಮುಂಚೆ ಒಂದು ಕಾಲು ಎತ್ತಿ ನೋಡಿ

ತುಮಕೂರಿನ ಕಡೆ ಬಡಗಿ ಹತ್ತಿರ ಕೆತ್ತನೆ ಸೋಫಾ ಮಾಡಿಸುತ್ತಿರುವವರು ದುಡ್ಡು ಪೂರ್ತಿ ಕೊಡುವ ಮುಂಚೆ ಇದೊಂದು ಮಾಡಿ: ಮುಂದಿನ ಒಂದು ಕಾಲನ್ನು ನೆಲದಿಂದ ಅರ್ಧ ಅಡಿ ಎತ್ತಿ. ಇನ್ನೊಂದು ಮುಂಗಾಲೂ ಜೊತೆಯಲ್ಲೇ ಎದ್ದರೆ ಚೌಕಟ್ಟು ಗಟ್ಟಿ. ಅದು ನೆಲ ಬಿಡದೇ ಇದ್ದರೆ ಚೌಕಟ್ಟು ತಿರುಚಿಕೊಳ್ಳುತ್ತಿದೆ, ಅಂದರೆ ಕೀಲು ಸಡಿಲ ಅಥವಾ ಮರ ತೆಳು. ಕಂಬದಂಥ ಕೆತ್ತನೆಯ ಕೈ, ಗುಳೇದಗುಡ್ಡ ಖಣದ ದಿಂಬು, ಈಗಿನ ಕಾಲದ ತಗ್ಗು ಬೆನ್ನು, ಎಲ್ಲ ನೋಡಲು ಬಲು ಚೆಂದ. ಆದರೆ ನಾಲ್ಕು ಜನರ ಭಾರ ಹೊರುವುದು ಕೀಲು ಅಲ್ವಾ? ಬರೀ ಮೊಳೆ ಹೊಡೆದಿದ್ದಾರಾ, ಇಲ್ಲಾ ಮರದ ತುದಿಯನ್ನು ತೂತಿಗೆ ಇಳಿಸಿ ಗೂಟ ಹಾಕಿದ್ದಾರಾ ಅಂತ ಸೋಫಾ ಮಗುಚಿ ನೋಡಿ, ಸಂಕೋಚ ಬೇಡ. ನಡುವೆ ಐದನೇ ಕಾಲಿದ್ದರೆ, ತುಂಡು ತುಂಡಾಗಿ ಜೋಡಿಸುವ ಎಲ್ ಆಕಾರದ್ದಾದರೆ ಈ ಪರೀಕ್ಷೆ ನಂಬಬೇಡಿ. ಹಸಿ ಮರದ್ದೂ ಇವತ್ತು ಪಾಸಾಗುತ್ತದೆ, ನಮ್ಮ ಬೇಸಿಗೆಯಲ್ಲಿ ಒಣಗಿದ ಮೇಲೆ ಕಿರ್ರೆನ್ನುತ್ತದೆ. ಹಾಗಾಗಿ ಹಲಸಾಗಲಿ, ತೇಗವಾಗಲಿ, ಕೊಯ್ದ ಹಲಗೆಯನ್ನು ಎಷ್ಟು ದಿನ ಒಣಗಿಸಿದ್ದಾರೆ ಅಂತ ಕೆಲಸ ಶುರುವಾಗುವ ಮುಂಚೆಯೇ ಕೇಳಿಬಿಡಿ.