ಬೋರ್‌ವೆಲ್ ನೀರಿಗೂ ನೊರೆ ಕೊಡುವ ಮನೆ ಸೋಪು

ಮನೆಯಲ್ಲಿ ಸೋಪು ಮಾಡಲು ಹೊರಟವರು ಈಗೆಲ್ಲ ವಿಡಿಯೋ ನೋಡಿಯೇ ಕಲಿಯುವುದು. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ವಿಡಿಯೋಗಳಲ್ಲಿ ಬಹಳಷ್ಟು ಚಳಿದೇಶದವು. ಅಚ್ಚಿಗೆ ಸುರಿದ ಮೇಲೆ ಕಂಬಳಿ ಹೊದಿಸಿಡಿ ಎನ್ನುತ್ತಾರೆ. ಏಪ್ರಿಲ್ ತಿಂಗಳಲ್ಲಿ ರಾಯಚೂರಿನಲ್ಲೋ ಮಂಗಳೂರಿನಲ್ಲೋ ಹಾಗೆ ಮಾಡಿದರೆ ಸೋಪು ಒಳಗೊಳಗೇ ಕಾದು, ನಡುವೆ ಬಿರುಕು ಬಿಟ್ಟು ಉಕ್ಕಿ ಬರುತ್ತದೆ. ನಮ್ಮ ಸೆಕೆ, ಮಳೆಗಾಲದ ತೇವ, ಬೋರ್‌ವೆಲ್‌ನ ಗಡಸು ನೀರು, ಈ ಮೂರಕ್ಕೂ ಹೊಂದುವ ಹಾಗೆ ಅಳತೆಯನ್ನೂ ಕ್ರಮವನ್ನೂ ಸ್ವಲ್ಪ ಬದಲಿಸಿಕೊಳ್ಳಬೇಕು.

ಮೊದಲು ತಕ್ಕಡಿಯ ಮಾತು. ಲೋಟ, ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ. ಒಂದು ಗ್ರಾಂವರೆಗೆ ಸರಿಯಾಗಿ ತೋರಿಸುವ ಡಿಜಿಟಲ್ ತಕ್ಕಡಿ ಬೇಕೇ ಬೇಕು. ಎಣ್ಣೆಯನ್ನೂ ಮಿಲಿಲೀಟರಿನಲ್ಲಿ ಅಳೆಯಬೇಡಿ. ಒಂದು ಲೀಟರ್ ಕೊಬ್ಬರಿ ಎಣ್ಣೆ ಒಂದು ಕೆಜಿ ತೂಗುವುದಿಲ್ಲ, ಸುಮಾರು 920 ಗ್ರಾಂ ಮಾತ್ರ. ಪ್ರತಿಯೊಂದು ಎಣ್ಣೆಗೂ ಅದು ಪೂರ್ತಿ ಸೋಪಾಗಲು ಇಂತಿಷ್ಟು ಕಾಸ್ಟಿಕ್ ಸೋಡಾ ಬೇಕೆಂಬ ಲೆಕ್ಕವಿದೆ. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ 0.183 ಗ್ರಾಂ, ಎಳ್ಳೆಣ್ಣೆಗೆ 0.134, ಹರಳೆಣ್ಣೆಗೆ 0.128. ಪಕ್ಕದ ಮನೆಯವರ ಅಳತೆಯಲ್ಲಿ ಒಂದು ಎಣ್ಣೆ ಬದಲಿಸಿ ಸೋಡಾ ಮಾತ್ರ ಹಾಗೇ ಇಟ್ಟರೆ, ಸೋಪು ಒಂದೋ ಮೈ ಉರಿಸುತ್ತದೆ, ಇಲ್ಲವೇ ಜಿಡ್ಡುಜಿಡ್ಡಾಗಿ ಕೂರುತ್ತದೆ.

ಮೊದಲ ಸಲ ಮಾಡುವವರಿಗೆ ನಾನು ಹೇಳುವ ಅಳತೆ ಇದು: ಕೊಬ್ಬರಿ ಎಣ್ಣೆ 300 ಗ್ರಾಂ, ಎಳ್ಳೆಣ್ಣೆ 150 ಗ್ರಾಂ, ಹರಳೆಣ್ಣೆ 50 ಗ್ರಾಂ, ಕಾಸ್ಟಿಕ್ ಸೋಡಾ 75 ಗ್ರಾಂ, ನೀರು 150 ಗ್ರಾಂ. ಲೆಕ್ಕದ ಪ್ರಕಾರ ಈ ಎಣ್ಣೆಗಳಿಗೆ 81 ಗ್ರಾಂ ಸೋಡಾ ಬೇಕು. ನೂರಕ್ಕೆ ಎಂಟು ಪಾಲು ಬೇಕೆಂದೇ ಕಡಿಮೆ ಹಾಕುತ್ತೇವೆ. ಅಷ್ಟು ಎಣ್ಣೆ ಸೋಪಾಗದೆ ಉಳಿದು ಚರ್ಮ ಬಿಗಿಯದಂತೆ ನೋಡಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಗಟ್ಟಿತನವನ್ನೂ ದೊಡ್ಡ ದೊಡ್ಡ ನೊರೆಯನ್ನೂ ಕೊಡುತ್ತದೆ, ಆದರೆ ಅದೊಂದೇ ಹೆಚ್ಚಾದರೆ ಚರ್ಮ ಒಣಗುತ್ತದೆ. ಎಳ್ಳೆಣ್ಣೆ ಅದನ್ನು ಮೆದುಮಾಡುತ್ತದೆ. ಹರಳೆಣ್ಣೆ ನೊರೆಯನ್ನು ಹೆಚ್ಚು ಹೊತ್ತು ನಿಲ್ಲಿಸುತ್ತದೆ. ನೂರಕ್ಕೆ ಹತ್ತು ಪಾಲು ದಾಟಿತೋ, ಸೋಪು ಅಂಟಂಟಾಗುತ್ತದೆ. ಅಗ್ಗವೆಂದು ಎಳ್ಳೆಣ್ಣೆಯ ಜಾಗಕ್ಕೆ ಸೂರ್ಯಕಾಂತಿ ಎಣ್ಣೆ ಸುರಿಯಬೇಡಿ. ನಮ್ಮ ಬಿಸಿಲಿಗೆ ಅದು ಬೇಗ ಕಮಟು ಹಿಡಿಯುತ್ತದೆ. ಎರಡು ಮೂರು ತಿಂಗಳಲ್ಲಿ ಸೋಪಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಕಂಡರೆ, ಹಳೆ ಎಣ್ಣೆಯ ವಾಸನೆ ಬಂದರೆ, ಕಾರಣ ಸಾಮಾನ್ಯವಾಗಿ ಇಂಥ ಎಣ್ಣೆಯೇ. ಉತ್ತರ ಕನ್ನಡದ ಕಡೆ ಮುರುಗಲು ತುಪ್ಪ, ಅಂದರೆ ಕೋಕಂ ಬೀಜದಿಂದ ತೆಗೆದ ಗಟ್ಟಿ ಎಣ್ಣೆ, ಸಿಗುವವರು ಎಳ್ಳೆಣ್ಣೆಯಲ್ಲಿ 50 ಗ್ರಾಂ ಕಡಿಮೆ ಮಾಡಿ ಅಷ್ಟೇ ತೂಕದ ತುಪ್ಪ ಹಾಕಬಹುದು. ಎರಡಕ್ಕೂ ಬೇಕಾಗುವ ಸೋಡಾ ಹೆಚ್ಚುಕಡಿಮೆ ಒಂದೇ. ಸೋಪು ಗಟ್ಟಿಯಾಗಿ, ನುಣುಪಾಗಿ ಬರುತ್ತದೆ.

ಕಾಸ್ಟಿಕ್ ಸೋಡಾ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅಡುಗೆ ಸೋಡಾ, ವಾಷಿಂಗ್ ಸೋಡಾ ಇದರ ಕೆಲಸ ಮಾಡುವುದಿಲ್ಲ. ಚರಂಡಿ ಪೈಪು ಬಿಡಿಸಲು ಮಾರುವ ಪುಡಿಯಲ್ಲಿ ಬೇರೆ ಏನೇನೋ ಬೆರೆತಿರುತ್ತದೆ, ಅದೂ ಬೇಡ. ಬೇರೇನೂ ಬೆರೆಸದ, ಪೊಟ್ಟಣದ ಮೇಲೆ ಶುದ್ಧತೆ ಬರೆದಿರುವ ಚಕ್ಕೆ ಅಥವಾ ಹರಳು ತನ್ನಿ. ಮಳೆಗಾಲದಲ್ಲಿ ಪೊಟ್ಟಣ ಬಿಚ್ಚಿಟ್ಟರೆ ಅದು ಗಾಳಿಯ ತೇವ ಹೀರಿ ನೀರೊಡೆಯುತ್ತದೆ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಸೇರಿ ಕಸುವೂ ಕಳೆದುಕೊಳ್ಳುತ್ತದೆ. ತೂಕ ಸರಿಯಿದ್ದರೂ ಸೋಪು ಮೆತ್ತಗೇ ಉಳಿಯುವುದು ಹೀಗೆ. ದಪ್ಪ ಪ್ಲಾಸ್ಟಿಕ್ ಡಬ್ಬದಲ್ಲಿ ಬಿಗಿ ಮುಚ್ಚಳ ಹಾಕಿ, ಮೇಲೆ ದೊಡ್ಡದಾಗಿ ಹೆಸರು ಬರೆದು, ಮಕ್ಕಳ ಕೈಗೆ ಎಟುಕದ ಕಡೆ ಬೀಗದೊಳಗೆ ಇಡಿ. ನೋಡಲು ಸಕ್ಕರೆ, ಕಲ್ಲುಪ್ಪಿನಂತೆಯೇ ಇರುತ್ತದೆ, ಆದ್ದರಿಂದ ಅಡುಗೆಮನೆಯ ಸಾಮಾನಿನ ಹತ್ತಿರ ಅದಕ್ಕೆ ಜಾಗವೇ ಇಲ್ಲ.

ಅಲ್ಯೂಮಿನಿಯಂ ಪಾತ್ರೆಯನ್ನು ಹತ್ತಿರ ತರಬೇಡಿ. ಸೋಡಾ ಅದನ್ನು ತಿಂದು, ಬೆಂಕಿ ಹತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬಿಡುತ್ತದೆ. ಸ್ಟೀಲ್ ಆಗಬಹುದು, ಬಿಸಿ ತಡೆಯುವ ದಪ್ಪ ಪ್ಲಾಸ್ಟಿಕ್ ಆಗಬಹುದು. ಗಾಜು ಬೇಡ, ಶಾಖಕ್ಕೆ ಸೀಳಬಹುದು. ತುಂಬು ತೋಳಿನ ಬಟ್ಟೆ, ರಬ್ಬರ್ ಕೈಗವಸು, ಕಣ್ಣನ್ನು ಪೂರ್ತಿ ಮುಚ್ಚುವ ಕನ್ನಡಕ ಹಾಕಿಕೊಂಡು ಹಿತ್ತಿಲಲ್ಲೋ ಬಾಲ್ಕನಿಯಲ್ಲೋ ಕೆಲಸಕ್ಕೆ ಕೂರಿ. ನೀರನ್ನು ಮೊದಲು ಪಾತ್ರೆಗೆ ಹಾಕಿ, ಅದಕ್ಕೆ ಸೋಡಾವನ್ನು ಸ್ವಲ್ಪಸ್ವಲ್ಪವೇ ಉದುರಿಸುತ್ತಾ ಕಲಕಿ. ಸೋಡಾದ ಮೇಲೆ ನೀರು ಸುರಿಯುವುದು ಯಾವತ್ತೂ ಬೇಡ, ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯುತ್ತದೆ. ಒಲೆಯಿಲ್ಲದೆಯೇ ನೀರು 80 ಡಿಗ್ರಿ ದಾಟಿ ಬಿಸಿಯಾಗುತ್ತದೆ, ಮೂಗಿಗೆ ಹೊಡೆಯುವ ಹಬೆ ಬರುತ್ತದೆ. ಮುಖ ಆಚೆ ತಿರುಗಿಸಿ ಕಲಕಿ. ಮೈಮೇಲೆ ಬಿದ್ದರೆ ಹರಿಯುವ ನಲ್ಲಿಯ ಕೆಳಗೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯಬೇಕು. ವಿನೆಗರ್, ನಿಂಬೆರಸ ಹಚ್ಚುವುದು ಬೇಡ. ಕಣ್ಣಿಗೆ ಬಿದ್ದರೆ ಹಾಗೇ ತೊಳೆಯುತ್ತಾ ಆಸ್ಪತ್ರೆಗೆ ಹೊರಡಿ.

ನೀರು ಯಾವುದಾಗಬೇಕು? ಬೋರ್‌ವೆಲ್ ನೀರಂತೂ ಬೇಡ. ಅದರಲ್ಲಿರುವ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಗಷ್ಟು ಕಟ್ಟುತ್ತದೆ. ಆರ್‌ಒ ನೀರು ಸಾಕು. ಇನ್ನು ಸ್ನಾನಕ್ಕೇ ಗಡಸು ನೀರು ಬರುವ ಮನೆಯವರಿಗೆ, ಬೆಂಗಳೂರಿನ ಹೊರವಲಯದಲ್ಲೂ ಕೋಲಾರದ ಕಡೆಯೂ ಅಂಥ ಮನೆಗಳೇ ಹೆಚ್ಚು, ಒಂದು ಉಪಾಯವಿದೆ. ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಮಾರುವ ಸಿಟ್ರಿಕ್ ಆಸಿಡ್ 5 ಗ್ರಾಂ ತೆಗೆದುಕೊಂಡು ಮೊದಲು ನೀರಿನಲ್ಲಿ ಕರಗಿಸಿ, ಆಮೇಲೆ ಸೋಡಾ ಹಾಕಿ. ಈ ಹುಳಿ 3 ಗ್ರಾಂ ಸೋಡಾವನ್ನು ನುಂಗಿಬಿಡುವುದರಿಂದ ಸೋಡಾ 75ರ ಬದಲು 78 ಗ್ರಾಂ ಆಗಬೇಕು. ಅಲ್ಲಿ ಹುಟ್ಟುವ ಸೋಡಿಯಂ ಸಿಟ್ರೇಟ್ ನೀರಿನ ಗಡಸನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಪದರ ಕಡಿಮೆಯಾಗುವುದು ಕಣ್ಣಿಗೇ ಕಾಣುತ್ತದೆ. ನಿಂಬೆಹಣ್ಣಿನ ರಸ ಹಿಂಡಿ ಸೋಪಿನ ಖಾರ ಇಳಿಸುತ್ತೇವೆ ಎನ್ನುವವರ ಮಾತು ಕೇಳಬೇಡಿ. ರಸ ಸೋಡಾವನ್ನು ತಿನ್ನುತ್ತದೆ, ಅಷ್ಟೆ. ಎಣ್ಣೆ, ಸೋಡಾ ಸೇರಿ ಆದ ನಿಜವಾದ ಸೋಪು ಯಾವಾಗಲೂ ಕ್ಷಾರವೇ, ಪಿಎಚ್ 9ರಿಂದ 10ರ ನಡುವೆ ಇರುತ್ತದೆ. ಹಸುಗೂಸಿಗೆ ಅದು ಬೇಡ, ಕಡಲೆಹಿಟ್ಟೋ ಹೆಸರುಹಿಟ್ಟೋ ಇರಲಿ. ತಲೆಗೂದಲಿಗೂ ಸೀಗೆಕಾಯಿ, ಅಂಟುವಾಳವೇ ಮೇಲು. ಗಡಸು ನೀರಿನಲ್ಲಿ ಸೋಪು ಹಾಕಿದರೆ ಕೂದಲು ಜಿಗುಟಾಗುತ್ತದೆ.

ಸೋಡಾ ನೀರು ಆರಲಿಕ್ಕೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಬೇಕು. ಅಷ್ಟರಲ್ಲಿ ಎಣ್ಣೆಗಳನ್ನೆಲ್ಲ ತೂಗಿ ಬೆರೆಸಿಡಿ. ಚಿಕ್ಕಮಗಳೂರು, ಮಡಿಕೇರಿಯ ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿರುತ್ತದೆ, ಸಣ್ಣ ಉರಿಯಲ್ಲಿ ಕರಗಿಸಿ. ಬಿಸಿಲುಸೀಮೆಯವರಿಗೆ ಒಲೆಯೇ ಬೇಡ. ಎರಡೂ 35ರಿಂದ 40 ಡಿಗ್ರಿಗೆ ಬಂದಾಗ ಸೇರಿಸಬೇಕು. ಮುರುಗಲು ತುಪ್ಪ ಹಾಕಿದ್ದರೆ ಮಾತ್ರ 45 ಡಿಗ್ರಿ ಇರಲಿ. ತಣ್ಣಗಾದರೆ ತುಪ್ಪವೇ ಹೆಪ್ಪುಗಟ್ಟಿ ಮಿಶ್ರಣ ಹದಕ್ಕೆ ಬಂದಂತೆ ಮೋಸ ಮಾಡುತ್ತದೆ, ಅಚ್ಚಿಗೆ ಸುರಿದ ಮೇಲೆ ಎಣ್ಣೆ ಬೇರೆ, ನೀರು ಬೇರೆ. ಪಾತ್ರೆ ಹೊರಗಿನಿಂದ ಉಗುರುಬೆಚ್ಚಗಿದೆ ಎನ್ನುವುದು ಅಂದಾಜಿಗೆ ಸಾಕು, ಥರ್ಮಾಮೀಟರ್ ಇದ್ದರೆ ಒಳ್ಳೆಯದು.

ಎಣ್ಣೆಗೆ ಸೋಡಾ ನೀರನ್ನು ನಿಧಾನಕ್ಕೆ ಸುರಿದು ಹ್ಯಾಂಡ್ ಬ್ಲೆಂಡರಿನ ತಲೆಯನ್ನು ಪೂರ್ತಿ ಮುಳುಗಿಸಿ. ಐದು ಸೆಕೆಂಡು ತಿರುಗಿಸಿ, ನಿಲ್ಲಿಸಿ, ಅದರಿಂದಲೇ ಕೈಯಲ್ಲಿ ಕಲಕಿ, ಮತ್ತೆ ಐದು ಸೆಕೆಂಡು. ಬಿಡದೆ ತಿರುಗಿಸಿದರೆ ಗಾಳಿಗುಳ್ಳೆ ಸೇರುತ್ತದೆ, ಸುರಿಯುವ ಮೊದಲೇ ಗಟ್ಟಿಯೂ ಆಗಬಹುದು. ಮೊದಲು ಎಣ್ಣೆಯ ಹೊಳಪು ಹೋಗುತ್ತದೆ, ಆಮೇಲೆ ಬಣ್ಣ ಬಿಳಿಚಿಕೊಳ್ಳುತ್ತದೆ, ಮೂರ್ನಾಲ್ಕು ನಿಮಿಷದಲ್ಲಿ ದೋಸೆಹಿಟ್ಟಿನ ಹದ ಬರುತ್ತದೆ. ಸೌಟು ಎತ್ತಿ ತೊಟ್ಟಿಕ್ಕಿಸಿದರೆ ಬಿದ್ದ ಗೆರೆ ಒಂದೆರಡು ಕ್ಷಣ ಮೇಲೆಯೇ ನಿಂತು ಮೆಲ್ಲಗೆ ಮುಳುಗಬೇಕು. ಅದೇ ಹದ. ಮಷಿನ್ ಇಲ್ಲದೆ ಬರಿಗೈಯಲ್ಲಿ ಕಲಕುವವರು ಮುಕ್ಕಾಲು ಗಂಟೆಗೂ ಮೇಲ್ಪಟ್ಟು ತಾಳ್ಮೆಯಿಂದ ಕೂರಬೇಕು. ಮರದ ಸೌಟು ಬೇಡ, ಸೋಡಾ ಅದರ ಎಳೆ ಬಿಡಿಸುತ್ತದೆ.

ಪರಿಮಳ ಹಾಕುವುದು ಈ ಹದದಲ್ಲಿ, 10ರಿಂದ 12 ಗ್ರಾಂ ಸಾಕು. ಕಿತ್ತಳೆ, ನಿಂಬೆ ಸಿಪ್ಪೆಯ ತೈಲ ತಿಂಗಳೊಳಗೆ ಹಾರಿಹೋಗುತ್ತದೆ. ನಿಂಬೆಹುಲ್ಲಿನ ತೈಲ ಅದಕ್ಕಿಂತ ಚೆನ್ನಾಗಿ ನಿಲ್ಲುತ್ತದೆ, ಲಾವಂಚದ್ದು ಇನ್ನೂ ಹೆಚ್ಚು. ಎರಡನ್ನೂ ಬೆರೆಸಿದರೆ ಬಹಳ ಸೊಗಸು. ಲವಂಗ, ದಾಲ್ಚಿನ್ನಿ ತೈಲ ಬೇಡ, ಮಿಶ್ರಣ ಕಣ್ಣೆದುರೇ ಮುದ್ದೆಯಾಗಬಹುದು, ಚರ್ಮಕ್ಕೂ ಉರಿ. ಗಂಧದ ಪುಡಿ ಹಾಕಿ ಮೈಸೂರ್ ಸ್ಯಾಂಡಲ್ ಪರಿಮಳ ಬರಲಿಲ್ಲ ಎಂದು ಕೊರಗುವವರಿದ್ದಾರೆ. ಅಲ್ಲಿ ಘಮಿಸುವುದು ಗಂಧದ ಎಣ್ಣೆ, ಪುಡಿ ಬಣ್ಣವನ್ನಷ್ಟೇ ಕೊಟ್ಟೀತು. ಅರಿಶಿನ ಹಾಕಿದ ಕೂಡಲೇ ಕುಂಕುಮದ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಕ್ಷಾರಕ್ಕೆ ಅದರ ಗುಣವೇ ಹಾಗೆ. ಆರುತ್ತಾ ಆರುತ್ತಾ ಕಾವಿಗೋ ಹಳದಿಗೋ ಬರುತ್ತದೆ. ಕಾಲು ಚಮಚ ಮೀರದಿರಲಿ, ಟವೆಲ್ಲಿಗೆ ಹತ್ತೀತು. ಗುಲಾಬಿ ಎಸಳು, ದಾಸವಾಳ ಫೋಟೋದಲ್ಲಿ ಚಂದ, ವಾರದಲ್ಲಿ ಕಂದಾಗಿ ಕಸದಂತೆ ಕಾಣುತ್ತವೆ. ಲೋಳೆಸರದ ತಿರುಳು ಹಾಕುವುದಾದರೆ ಅದರ ತೂಕವನ್ನು ನೀರಿನಲ್ಲಿ ಕಳೆಯಿರಿ. ಹಾಲು, ಜೇನು ಮೊದಲ ಸಲ ಬೇಡ. ಅವುಗಳ ಸಕ್ಕರೆ ಸೋಪನ್ನು ಇನ್ನಷ್ಟು ಕಾಯಿಸುತ್ತದೆ.

ಈ ಅಳತೆಗೆ ಒಂದು ಲೀಟರಿನ ಐಸ್‌ಕ್ರೀಂ ಡಬ್ಬ ಸರಿಹೋಗುತ್ತದೆ. ಒಳಗೆ ಬಟರ್ ಪೇಪರ್ ಹಾಸಿ ಸುರಿದು, ಎರಡು ಸಲ ನೆಲಕ್ಕೆ ಕುಟ್ಟಿ ಗಾಳಿ ಹೊರಡಿಸಿ. ಬೇಸಿಗೆಯಲ್ಲಿ ಹೊದಿಕೆ ಬೇಡ, ನೆರಳಿನಲ್ಲಿ ಗಾಳಿಯಾಡುವಂತೆ ಬಿಡಿ. ನಡುವೆ ಕಪ್ಪಗೆ ಒದ್ದೆಯಾದಂಥ ವೃತ್ತ ಕಂಡರೆ ಅಲ್ಲಿ ಮಾತ್ರ ಹೆಚ್ಚು ಕಾದಿದೆ ಎಂದರ್ಥ. ನೋಟಕ್ಕೆ ಕುಂದು, ಬಳಕೆಗೆ ಅಡ್ಡಿಯಿಲ್ಲ. ಮೇಲೆ ಬೂದಿಯಂಥ ಬಿಳಿ ಪುಡಿ ಕೂತರೂ ಹಾಗೆಯೇ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಪಾತ್ರೆಗಳನ್ನು ಕೂಡಲೇ ತೊಳೆಯಲು ಹೋಗಬೇಡಿ. ಒಂದು ದಿನ ಬಿಟ್ಟರೆ ಅಂಟಿಕೊಂಡದ್ದೂ ಸೋಪಾಗಿರುತ್ತದೆ, ಕೈ ಸುಡುವುದಿಲ್ಲ, ತೊಳೆಯುವುದೂ ಸುಲಭ.

ಕೊಬ್ಬರಿ ಎಣ್ಣೆ ಜಾಸ್ತಿ ಇರುವ ಸೋಪನ್ನು ಕತ್ತರಿಸಲು ತಡಮಾಡಬಾರದು. ಹನ್ನೆರಡು ಗಂಟೆ ಕಳೆದ ಮೇಲೆ ಕೈಗವಸು ಹಾಕಿಕೊಂಡು ಮೂಲೆಯಲ್ಲಿ ಒತ್ತಿ ನೋಡಿ. ಗಟ್ಟಿಯಿದ್ದೂ ಸ್ವಲ್ಪ ಬಾಗುವಂತಿದ್ದರೆ ಚಾಕು ಹಾಕಿ. ಎರಡು ದಿನ ಬಿಟ್ಟರೆ ಅಂಚು ಪುಡಿಪುಡಿ ಉದುರುತ್ತದೆ. ನೂರು ಗ್ರಾಮಿನ ಏಳು ಸೋಪು ಸಿಗುತ್ತವೆ. ಮೂರನೆಯ ದಿನ ಒದ್ದೆ ಬೆರಳನ್ನು ಸೋಪಿಗೆ ಉಜ್ಜಿ, ಆ ಬೆರಳನ್ನು ನಾಲಿಗೆ ತುದಿಗೆ ಮುಟ್ಟಿಸಿ. ಬರೀ ಸೋಪಿನ ರುಚಿಯಾದರೆ ಸರಿ. ಚುರುಕ್ಕೆಂದು ಕಚ್ಚಿದರೆ ಸೋಡಾ ಇನ್ನೂ ಉಳಿದಿದೆ. ವಾರ ಬಿಟ್ಟು ಮತ್ತೆ ನೋಡಿ. ಆಗಲೂ ಕಚ್ಚಿದರೆ ಅದನ್ನು ಮೈಗೆ ಹಚ್ಚಬೇಡಿ. ಒಳಗೆ ಬಿಳಿ ಹರಳಿನ ಗುಳ್ಳೆಗಳಿದ್ದರೆ ಅವು ಕರಗದ ಸೋಡಾ, ಆ ಸೋಪು ಬಿಸಾಡಲಿಕ್ಕೇ.

ಇನ್ನು ಉಳಿದದ್ದು ಒಣಗಿಸುವುದು. ಬಿದಿರಿನ ಮೊರದ ಮೇಲೆ ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ವಾರಕ್ಕೊಮ್ಮೆ ಮಗ್ಗುಲು ಬದಲಿಸಿ. ಬಿಸಿಲಿಗೆ ಬೇಡ, ಕಮಟು ಹಿಡಿಯುತ್ತದೆ. ಬಯಲುಸೀಮೆಯಲ್ಲಿ ನಾಲ್ಕರಿಂದ ಆರು ವಾರ ಸಾಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಎರಡು ತಿಂಗಳಾದರೂ ಬೇಕಾದೀತು, ಆಗ ಸೋಪಿನ ಮೈಮೇಲೆ ಹನಿಯೂ ಕೂರುತ್ತದೆ. ಅದು ಕೆಟ್ಟಿರುವುದಲ್ಲ. ಮನೆ ಸೋಪಿನಲ್ಲಿ ಗ್ಲಿಸರಿನ್ ಪೂರ್ತಿ ಒಳಗೇ ಉಳಿಯುವುದರಿಂದ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಫ್ಯಾನಿನ ಕೆಳಗಿಟ್ಟರೆ ಆರುತ್ತದೆ. ಜಾಣತನ ಎಂದರೆ ಜನವರಿ, ಫೆಬ್ರವರಿಯಲ್ಲಿ ಮಾಡಿಟ್ಟು ಜೂನ್‌ಗೆ ಮೊದಲೇ ಒಣಗಿಸಿಕೊಳ್ಳುವುದು. ಒಂದು ಸೋಪಿನ ತೂಕ ಬರೆದಿಟ್ಟುಕೊಂಡು ವಾರವಾರ ತೂಗಿ; ಇಳಿಯುವುದು ನಿಂತಾಗ ಒಣಗಿದೆ ಎಂದು ತಿಳಿಯಿರಿ. ಅವಸರಕ್ಕೆ ಬಳಸಿದರೆ ಹಾನಿಯಿಲ್ಲ, ಬಚ್ಚಲಲ್ಲಿ ಬೇಗ ಕರಗಿಹೋಗುತ್ತದೆ ಅಷ್ಟೆ.

ಇಲಿಯ ಕಾಟವಿರುವ ಹಳೆ ಮನೆಗಳಲ್ಲಿ ಮೊರದ ಮೇಲೆ ತಂತಿ ಬಲೆ ಮುಚ್ಚಿ, ಕೊಬ್ಬರಿ ಎಣ್ಣೆಯ ಸೋಪೆಂದರೆ ಅವಕ್ಕೆ ಹಬ್ಬ. ಬಾವಿಕಟ್ಟೆಯಲ್ಲಿ ಬಿಟ್ಟರೆ ಕಾಗೆ ಎತ್ತಿಕೊಂಡು ಹೋಗುವುದೂ ಉಂಟು. ಬಚ್ಚಲಲ್ಲಿ ತೂತಿರುವ ಸೋಪುಪೆಟ್ಟಿಗೆಯಲ್ಲೇ ಇಡಿ. ಮಾರುವ ಆಸೆಯಿದ್ದವರು ಮೊದಲು ಔಷಧ ನಿಯಂತ್ರಣ ಇಲಾಖೆಯಲ್ಲಿ ಕಾಸ್ಮೆಟಿಕ್ ತಯಾರಿಕೆಯ ಪರವಾನಗಿ ವಿಚಾರಿಸಿ. ನೆಂಟರಿಷ್ಟರಿಗೆ ಕೊಡುವುದಾದರೆ ಪ್ಲಾಸ್ಟಿಕ್ ಸುತ್ತದೆ ಕಾಗದದಲ್ಲಿ ಕಟ್ಟಿ, ಯಾವ್ಯಾವ ಎಣ್ಣೆ ಎಂದು ಮೇಲೆ ಬರೆಯಿರಿ. ಎಳ್ಳು ಆಗದವರೂ ಇರುತ್ತಾರೆ.