ಲಿನೋ, ಜೇಡಿಮಣ್ಣು, ಅರಗು: ಕಲಾ ಕಾಲೇಜಿನಲ್ಲಿ ನಾನು ಅಕ್ಷರ ಕಲಿತ ಬಗೆ

ನಾನು ಕಲಾ ಕಾಲೇಜಿಗೆ ಸೇರಿದ್ದು ಕನ್ನಡ ಅಕ್ಷರ ಬಿಡಿಸುವುದನ್ನು ಕಲಿಯಲು. ಪುಸ್ತಕದ ಮುಖಪುಟ, ಅಂಗಡಿ ಬೋರ್ಡು, ಪೋಸ್ಟರ್ ಮಾಡಬೇಕು ಅನ್ನುವ ಆಸೆ ಪಿಯುಸಿಯಿಂದಲೇ ಇತ್ತು. ಮೊದಲ ದಿನ ಟೈಮ್‌ಟೇಬಲ್ ಕೈಗೆ ಬಂತು. ಸ್ಟಿಲ್ ಲೈಫ್, ಪರ್ಸ್ಪೆಕ್ಟಿವ್, ಬಣ್ಣ, ಜೇಡಿಮಣ್ಣು, ಪ್ರಿಂಟ್‌ಮೇಕಿಂಗ್, ಫೋಟೋಗ್ರಫಿ, ಕಲೆಯ ಇತಿಹಾಸ. ಅಕ್ಷರದ ಸುದ್ದಿಯೇ ಇಲ್ಲ. ನಾಲ್ಕು ವರ್ಷದ ಪದವಿಯಲ್ಲಿ ಮೊದಲ ವರ್ಷ ಪೂರ್ತಿ ಫೌಂಡೇಶನ್, ಎಲ್ಲರೂ ಎಲ್ಲವನ್ನೂ ಕಲಿಯಬೇಕು. ಮನೆಗೆ ಹೋಗಿ ಅಪ್ಪನ ಮುಂದೆ ಅತ್ತೆ.

ಅಪ್ಪ ಬೆಂಗಳೂರಿನ ಚಾಮರಾಜಪೇಟೆಯ ಒಂದು ಪ್ರೆಸ್‌ನಲ್ಲಿ ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸುತ್ತಿದ್ದವರು. ಮೊಳೆ ಬೇಡದ ಆಫ್‌ಸೆಟ್ ಮುದ್ರಣ ಬಂದಮೇಲೆ ಬೈಂಡಿಂಗ್ ವಿಭಾಗಕ್ಕೆ ಹೋದರು. "ಒಂದೇ ಕೆಲಸ ಹಿಡಿದು ಕಲಿಯಬೇಕು ಪುಟ್ಟಿ, ಹತ್ತು ಕಡೆ ಕೈ ಹಾಕಿದರೆ ಯಾವುದೂ ಕೂರುವುದಿಲ್ಲ" ಅಂದರು. ನನಗೂ ಹಾಗೇ ಅನ್ನಿಸಿತ್ತು.

ಮೊದಲ ಎರಡು ತಿಂಗಳು ಸ್ಕೆಚಿಂಗ್. ವಾರಕ್ಕೊಮ್ಮೆ ಬೆಳಿಗ್ಗೆ ಕೆ.ಆರ್. ಮಾರ್ಕೆಟ್‌ಗೆ ಕಳಿಸುತ್ತಿದ್ದರು. ಅಲ್ಲಿ ಯಾರೂ ನಮಗಾಗಿ ನಿಲ್ಲುವುದಿಲ್ಲ. ಹೂವಿನ ಮೂಟೆ ಹೊತ್ತವರು ಎರಡು ಗೆರೆ ಎಳೆಯುವಷ್ಟರಲ್ಲಿ ದಾಟಿ ಹೋಗಿರುತ್ತಾರೆ. ಮುಖ, ಬಟ್ಟೆ ಎಲ್ಲ ಬಿಟ್ಟು ಮೊದಲು ಮೈಯ ಬಾಗು ಹಿಡಿಯಬೇಕು, ಭಾರ ಯಾವ ಕಾಲ ಮೇಲಿದೆ ಅಂತ ನೋಡಬೇಕು. ರಬ್ಬರ್ ತರಬೇಡಿ ಅಂದಿದ್ದರು ಮೇಡಂ. ತಪ್ಪು ಗೆರೆ ಕಣ್ಣ ಮುಂದೆ ಇದ್ದರೆ ಅದರ ಪಕ್ಕದಲ್ಲೇ ಸರಿ ಗೆರೆ ಎಳೆಯಲು ಸುಲಭ. ಇದನ್ನು ನಾನು ಈಗಲೂ ಪಾಲಿಸುತ್ತೇನೆ.

ಪರ್ಸ್ಪೆಕ್ಟಿವ್, ಫೋಟೋಗ್ರಫಿ ಚೆನ್ನಾಗಿದ್ದವು, ಅಷ್ಟೇ. ಕಲೆಯ ಇತಿಹಾಸ ಮಾತ್ರ ಬೇಸರ ತಂದಿತು. ನೋಟ್ಸ್ ಹೇಳುವುದು, ನಾವು ಬರೆದುಕೊಳ್ಳುವುದು. ಬಾದಾಮಿಯನ್ನೂ ಅಜಂತಾವನ್ನೂ ಚಿತ್ರ ತೋರಿಸದೆ ಮುಗಿಸಿಬಿಟ್ಟರು. ಅದು ಮಕ್ಕಳಿಗೆ ಮಾಡುವ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಅದಕ್ಕೇ ನಾವು ನಾಲ್ಕು ಜನ ಶನಿವಾರ ನಾವೇ ಸುತ್ತುತ್ತಿದ್ದೆವು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತು. ಪರಿಷತ್ತಿನಲ್ಲಿ ತೊಗಲುಗೊಂಬೆಗಳ ಮುಂದೆ ನಾನು ತುಂಬಾ ಹೊತ್ತು ನಿಂತಿದ್ದೆ. ತೆಳುವಾದ ತೊಗಲಿಗೆ ಬಣ್ಣ ಹಾಕಿ, ಒಡವೆ ಬರಬೇಕಾದ ಕಡೆ ಸಣ್ಣ ಸಣ್ಣ ತೂತು ಕೊರೆದಿರುತ್ತಾರೆ. ಹಿಂದಿನಿಂದ ದೀಪ ಬಿದ್ದರೆ ಆ ತೂತುಗಳೇ ಮುತ್ತಿನಂತೆ ಹೊಳೆಯುತ್ತವೆ. ತೆಗೆದುಹಾಕಿದ ಜಾಗವೇ ಚಿತ್ರ ಆಗುತ್ತದೆ ಅಂತ ಅವತ್ತು ಮೊದಲ ಸಲ ಕಂಡೆ.

ಜೇಡಿಮಣ್ಣಿನಲ್ಲಿ ಒಂದು ತಲೆ ಮಾಡಿದ್ದೆ. ಆಗಸ್ಟ್ ತಿಂಗಳು, ಬಿಡದ ಮಳೆ. ಹೊರಗೆ ಒಣಗಿದಂತೆ ಕಂಡಿತು, ಮಣ್ಣು ಸುಡುವ ಗೂಡಿಗೆ ಇಟ್ಟೆವು. ಮರುದಿನ ತೆಗೆದಾಗ ಚೂರು ಚೂರು. ಪಕ್ಕದಲ್ಲಿದ್ದ ಗೆಳತಿಯ ಹೂಜಿಯೂ ಒಡೆದಿತ್ತು. ಅವಳ ಮುಖ ನೋಡಲು ಆಗಲಿಲ್ಲ. ಗೂಡು ಸಾವಿರ ಡಿಗ್ರಿ ಹತ್ತಿರ ಹೋಗುತ್ತದೆ, ಆದರೆ ಅನಾಹುತ ಆಗುವುದು ನೂರು ದಾಟುವಾಗಲೇ. ಒಳಗೆ ಉಳಿದ ನೀರು ಆವಿಯಾಗಿ, ಹೊರಬರಲು ದಾರಿ ಸಿಗದೆ ಮಣ್ಣನ್ನೇ ಸೀಳುತ್ತದೆ. ನನ್ನ ತಲೆ ಒಳಗೆ ಗಟ್ಟಿಯಾಗಿತ್ತು, ಟೊಳ್ಳು ಮಾಡಿರಲಿಲ್ಲ. ಆಮೇಲೆ ಸರ್ ಎರಡು ವಿಷಯ ಹೇಳಿಕೊಟ್ಟರು. ಗೋಡೆ ಎಲ್ಲ ಕಡೆ ಒಂದು ಬೆರಳ ದಪ್ಪ ಇರಲಿ. ಸುಡುವ ಮುಂಚೆ ಕೆನ್ನೆಗೆ ಒತ್ತಿ ನೋಡಿ, ತಣ್ಣಗೆ ಅನ್ನಿಸಿದರೆ ಇನ್ನೂ ಹಸಿ ಇದೆ ಅಂತ ಅರ್ಥ.

ಚನ್ನಪಟ್ಟಣಕ್ಕೆ ಒಂದು ದಿನ ಕರೆದುಕೊಂಡು ಹೋದರು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಅಲ್ಲಿ ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. ಕುಂಚವೇ ಬೇಡ. ಆಮೇಲೆ ಒಣ ತಾಳೆಗರಿ ಒತ್ತಿ ಹಿಡಿದು ಹೊಳಪು ಬರಿಸುತ್ತಾರೆ. ಅಲ್ಲಿನ ಅಜ್ಜ ಒಬ್ಬರು ನನ್ನ ಕೈ ಹಿಡಿದು ಉಳಿ ಒತ್ತಿಸಿದರು. ದುಂಡಗಿನ ಆಕಾರ ಎಷ್ಟು ಸಣ್ಣ ಒತ್ತಡಕ್ಕೆ ಕೆಡುತ್ತದೆ ಅಂತ ಬೆರಳಿಗೆ ಗೊತ್ತಾಯಿತು. ನಮ್ಮ ಕನ್ನಡ ಅಕ್ಷರವೆಲ್ಲ ದುಂಡಗೇ ಅಲ್ವಾ.

ಪ್ರಿಂಟ್‌ಮೇಕಿಂಗ್‌ನಲ್ಲಿ ಲಿನೋ ಕೊರೆಯುವ ಸರದಿ ಬಂತು. ಲಿನೋ ಅಂದರೆ ಲಿನೋಲಿಯಂ ಹಾಳೆ, ಅದನ್ನು ಉಳಿಯಿಂದ ಕೊರೆದು ಅಚ್ಚು ಒತ್ತುತ್ತಾರೆ. ಡಿಸೆಂಬರ್ ಚಳಿಗೆ ಲಿನೋ ಗಟ್ಟಿಯಾಗಿತ್ತು, ಉಳಿ ಜಾರುತ್ತಿತ್ತು. ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಮೆತ್ತಗಾಗುತ್ತದೆ. ಇನ್ನೊಂದು ಕೈ ಯಾವಾಗಲೂ ಉಳಿಯ ಹಿಂದೆಯೇ ಇರಬೇಕು, ಮುಂದೆ ಇಟ್ಟರೆ ರಕ್ತ ಗ್ಯಾರಂಟಿ. ನಾನು "ಮಲ್ಲಿಗೆ" ಅಂತ ಕೊರೆದೆ. ಮೂರು ದಿನ ಹಿಡಿಯಿತು. ಇಂಕು ಹಚ್ಚಿ ಒತ್ತಿದರೆ ಎಲ್ಲ ಎಡಬಲ ತಿರುಗಿತ್ತು. ಟ್ರೇಸಿಂಗ್ ಪೇಪರ್ ಮೇಲೆ ಬರೆದು, ಮಗುಚಿ, ಆಮೇಲೆ ಲಿನೋಗೆ ಇಳಿಸಬೇಕು ಅನ್ನುವುದನ್ನೇ ಮರೆತಿದ್ದೆ.

ಪ್ರಿಂಟನ್ನು ಮನೆಗೆ ತಂದು ಮೇಜಿನ ಮೇಲೆ ಬಿಸಾಡಿದೆ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು. ಒಂದು ಕ್ಷಣವೂ ತಡವರಿಸದೆ "ಮಲ್ಲಿಗೆ" ಅಂತ ಓದಿದರು. ಸೀಸದ ಮೊಳೆಯಲ್ಲಿ ಅಕ್ಷರ ತಿರುಗೇ ಇರುತ್ತದೆ. ಅದನ್ನು ಓದಿ ಓದಿ ಅವರಿಗೆ ಎರಡೂ ಒಂದೇ. ಆಮೇಲೆ ಹೇಳಿದರು: "ಒತ್ತಿಗೆ ಉಸಿರಾಡೋಕೆ ಜಾಗ ಕೊಟ್ಟಿಲ್ಲ ನೀನು. ನಮ್ಮಲ್ಲಿ ಒತ್ತಿಗೇ ಬೇರೆ ಮೊಳೆ ಇತ್ತು." ಪೆನ್ಸಿಲ್ ತೆಗೆದು, ಲ ಅಕ್ಷರಕ್ಕೂ ಅದರ ಕೆಳಗಿನ ಒತ್ತಿಗೂ ನಡುವೆ ಎಷ್ಟು ಬಿಳಿ ಬಿಡಬೇಕು ಅಂತ ಗುರುತು ಹಾಕಿಕೊಟ್ಟರು.

ಆ ಬಿಳಿ ಜಾಗ ನನಗೆ ಅವತ್ತು ಕಂಡಿತು. ತೊಗಲುಗೊಂಬೆಯ ತೂತಿನ ಹಾಗೆ, ಮಣ್ಣಿನ ತಲೆಯೊಳಗಿನ ಟೊಳ್ಳಿನ ಹಾಗೆ. ಎರಡನೇ ವರ್ಷ ಕಂಪ್ಯೂಟರ್ ಮುಂದೆ ಕೂತಾಗ ಇದೇ ಕೆಲಸಕ್ಕೆ ಬಂತು. ಇಂಗ್ಲಿಷ್‌ಗೆ ಹೊಂದಿಸಿದ ಸಾಲಿನ ಅಂತರವನ್ನು ಹಾಗೇ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. "ಸ್ತ್ರೀ" ಅಂತ ಬರೆದು ನೋಡಿ, ಒಂದೇ ಅಕ್ಷರಕ್ಕೆ ಎರಡು ಒತ್ತು. ನಾನು ಸಾಲು ಸಡಿಲ ಮಾಡಿ, ಒತ್ತನ್ನು ಬೇರೆಯಾಗಿ ಬಿಡಿಸಿ ಕೂರಿಸುತ್ತೇನೆ.

ಸೇರುವ ಮುಂಚೆ ಏನು ನೋಡಬೇಕು ಅಂತ ಹುಡುಗರು ಕೇಳುತ್ತಾರೆ. ಕಾಲೇಜಿಗೆ ಹೋಗಿ ಪ್ರೆಸ್ಸು, ಗೂಡು ತೋರಿಸಿ ಅನ್ನಿ. ಮೊದಲ ವರ್ಷದವರಿಗೆ ಅದನ್ನು ಮುಟ್ಟಲು ಬಿಡುತ್ತಾರಾ ಅಂತ ಸೀನಿಯರ್‌ಗಳನ್ನು ಕೇಳಿ. ದುಬಾರಿ ಬಣ್ಣ ಈಗಲೇ ಕೊಳ್ಳಬೇಡಿ. ಎಲ್ಲ ತರಗತಿಗೂ ಒಂದೇ ನೋಟ್‌ಬುಕ್ ಇಡಿ, ಬೇರೆ ಬೇರೆ ಬೇಡ. ನನ್ನ ನೋಟ್‌ಬುಕ್‌ನಲ್ಲಿ ಮಾರ್ಕೆಟ್ಟಿನ ಸ್ಕೆಚ್ ಪಕ್ಕದಲ್ಲೇ ಗೂಡಿನ ಲೆಕ್ಕ ಇದೆ, ಅದರ ಪಕ್ಕ ಅಪ್ಪನ ಪೆನ್ಸಿಲ್ ಗುರುತು.

ಈಗಲೂ ಹೊಸ ಅಕ್ಷರ ಬಿಡಿಸಿದರೆ ಮೊದಲು ಅಪ್ಪನಿಗೆ ತೋರಿಸುತ್ತೇನೆ. ಅವರು ಹಾಳೆಯನ್ನು ಮಗುಚಿ, ಬೆಳಕಿಗೆ ಹಿಡಿದು, ಹಿಂದಿನಿಂದ ಓದುತ್ತಾರೆ.